ಭರತಪುರದ ಹಕ್ಕಿಗಳ ಕಾಡಿನಲ್ಲಿ ಸೈಕಲ್ ಯಾತ್ರೆ

ನಮ್ಮ ಗಡಿನಾಡಿನ ಮನೆಗಳಲ್ಲಿ ಪ್ರವಾಸವೆಂಬುದು ಇಂದಿಗೂ ಬಹುಮಟ್ಟಿಗೆ ತೀರ್ಥಯಾತ್ರೆಯೇ ಆಗಿದೆ. ಗಾಣಗಾಪುರ, ಪಂಢರಪುರ, ತುಳಜಾಪುರ, ಶ್ರೀಶೈಲ ಇವು ನಮಗೆ ನೆರೆಮನೆಯಷ್ಟೇ ಪರಿಚಿತ. ಉತ್ತರ ಹಿಂದೂಸ್ಥಾನಕ್ಕೆ ಹೊರಟವರು ಕಾಶಿಯಲ್ಲಿ ಗಂಗಾಸ್ನಾನ ಮಾಡಿ, ಆಗ್ರಾದಲ್ಲಿ ತಾಜಮಹಲನ್ನು ಕಂಡು, ಮಥುರಾ ಬೃಂದಾವನಗಳ ದರ್ಶನ ಮುಗಿಸಿ ಊರಿಗೆ ತಿರುಗುತ್ತಾರೆ. ಆದರೆ ಆಗ್ರಾದಿಂದ ಪಶ್ಚಿಮಕ್ಕೆ ಸುಮಾರು 55 ಕಿಲೋಮೀಟರು ದೂರದಲ್ಲಿ, ರಾಜಸ್ಥಾನದ ಹೊಸ್ತಿಲಲ್ಲಿಯೇ, ಇನ್ನೊಂದು ಬಗೆಯ ಯಾತ್ರಾಸ್ಥಳವಿದೆ. ಅಲ್ಲಿಗೆ ಬರುವ ಯಾತ್ರಿಕರಲ್ಲಿ ಹೆಚ್ಚಿನವರಿಗೆ ರೆಕ್ಕೆಗಳುಂಟು. ಹಲವರು ಹಿಮಾಲಯವನ್ನೇ ದಾಟಿ ಬರುತ್ತಾರೆ. ರೆಕ್ಕೆಯಿಲ್ಲದೆ ಹೋದ ನಮ್ಮಂಥವರಿಗೆ ಅಲ್ಲಿ ತಕ್ಕ ವಾಹನವೆಂದರೆ ಸೈಕಲ್ಲು. ಅದೇ ಭರತಪುರದ ಕೇವಲಾದೇವ ರಾಷ್ಟ್ರೀಯ ಉದ್ಯಾನ. ಸುತ್ತಲಿನ ಹಳ್ಳಿಗರು ಅದನ್ನು ‘ಘನಾ’ ಎಂದೇ ಕರೆಯುತ್ತಾರೆ. ದಟ್ಟವಾದ ಕಾಡು ಎಂದು ಅದರ ಅರ್ಥ.

ಕಳೆದ ದೀಪಾವಳಿಯ ರಜೆಯಲ್ಲಿ ಅಕ್ಕಲಕೋಟೆ ಸೀಮೆಯ ಕನ್ನಡ ಶಾಲೆಗಳ ಶಿಕ್ಷಕರು ನಾಲ್ವರು ಮನೆಯವರೊಡನೆ ಅಲ್ಲಿಗೆ ಹೊರಟೆವು. ಸೊಲ್ಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ, ಒಂದು ಹಗಲು ಒಂದು ರಾತ್ರಿ ಕಳೆದು ಆಗ್ರಾ ತಲುಪಿದೆವು. ಅಲ್ಲಿಂದ ಬಸ್ಸಿನಲ್ಲಿ ಫತೇಪುರ ಸಿಕ್ರಿಯ ಮಾರ್ಗವಾಗಿ ಸಂಜೆಯ ಹೊತ್ತಿಗೆ ಭರತಪುರ ಸೇರಿದೆವು. 1805ರಲ್ಲಿ ಲಾರ್ಡ್ ಲೇಕನು ಮೇಲಿಂದ ಮೇಲೆ ಮುತ್ತಿಗೆ ಹಾಕಿಯೂ ಗೆಲ್ಲಲಾಗದ ಲೋಹಗಢದ ಕೋಟೆ ಇರುವುದು ಈ ಊರಿನಲ್ಲಿಯೇ. ಇದೂ ನಮ್ಮಂತೆ ಗಡಿಯೂರು. ಇತ್ತ ರಾಜಸ್ಥಾನ, ಅತ್ತ ಕೂಗಳತೆಯಲ್ಲಿ ಉತ್ತರ ಪ್ರದೇಶ. ಜನರ ಬಾಯಲ್ಲಿ ಎರಡು ಸೀಮೆಗೂ ಸಲ್ಲುವ ಬ್ರಜಭಾಷೆ. ನಮಗೆ ಊರು ಹೊಸದೆನಿಸಲಿಲ್ಲ.

ಮರುದಿನ ಸೂರ್ಯೋದಯಕ್ಕೆ ಸರಿಯಾಗಿ ಉದ್ಯಾನದ ಬಾಗಿಲಲ್ಲಿ ನಿಂತೆವು. ಬಾಗಿಲ ಬಳಿಯೇ ಬಾಡಿಗೆಯ ಸೈಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಬ್ರೇಕು, ಚೈನು, ಗಾಳಿ ಇವನ್ನು ನೋಡಿಕೊಂಡು ಒಂದೊಂದನ್ನು ಆರಿಸಿಕೊಂಡೆವು. ನಮ್ಮ ಮನೆಯವರು ಸೈಕಲ್ ರಿಕ್ಷಾಗಳಲ್ಲಿ ಕುಳಿತರು. ಇಲ್ಲಿಯ ರಿಕ್ಷಾದವರ ವಿಷಯವಾಗಿ ಒಂದು ಮಾತು ಹೇಳಲೇಬೇಕು. ಅವರು ಬರಿಯ ತುಳಿಯುವ ಆಳುಗಳಲ್ಲ. ಹಕ್ಕಿಗಳನ್ನು ಗುರುತಿಸುವ ತರಬೇತಿ ಪಡೆದವರು. ಅವರಲ್ಲಿ ಸಿಖ್ಖರು ಬಹಳ ಮಂದಿ. ನಮಗೆ ದೊರೆತ ಸರ್ದಾರರು ಅರವತ್ತರ ಗಡಿಯಲ್ಲಿದ್ದರು. ಬಿಳಿಯ ಗಡ್ಡ, ಕೊರಳಲ್ಲಿ ದುರ್ಬೀನು. ನಾವು ಶಿಕ್ಷಕರೆಂದು ತಿಳಿದೊಡನೆ, “ಮಾಸ್ಟರ್ ಸಾಹೇಬ್, ಒಳಗೆ ಹೋದ ಮೇಲೆ ಗಂಟೆ ಬಾರಿಸಬೇಡಿ. ಇಲ್ಲಿಯ ಪಾಠ ಗಂಟೆಯಿಲ್ಲದೆ ನಡೆಯುತ್ತದೆ” ಎಂದು ನಕ್ಕರು.

ಬಾಗಿಲಿನಿಂದ ಕೇವಲಾದೇವನ ಗುಡಿಯವರೆಗೆ ಸುಮಾರು ಐದು ಕಿಲೋಮೀಟರಿನ ದಾರಿ. ಮೊದಲ ಒಂದೂವರೆ ಕಿಲೋಮೀಟರು ದಾಟಿದರೆ ಶಾಂತಿಕುಟೀರವೆಂಬ ಅತಿಥಿಗೃಹದ ಬಳಿ ತಡೆಗಂಬವಿದೆ. ಪ್ರವಾಸಿಗರ ಮೋಟಾರುಗಳು ಅಲ್ಲಿಂದ ಮುಂದೆ ಹೋಗುವಂತಿಲ್ಲ. ಅಲ್ಲಿಯವರೆಗೆ ಎರಡೂ ಮಗ್ಗುಲಲ್ಲಿ ಒಣಗಾಡು. ಬೋರೆ, ಜಾಲಿ, ನೇರಳೆ, ಕದಂಬ ಜಾತಿಯ ಮರಗಳು. ಒಂದು ನೀಲಗಾಯಿ ದಾರಿಯ ನಡುವೆ ನಿಂತು ನಮ್ಮನ್ನು ನೋಡಿ, ಅವಸರವಿಲ್ಲದೆ ಪೊದೆಗೆ ಸರಿಯಿತು. ತಡೆಗಂಬ ದಾಟಿದ ಮೇಲೆ ಕಾಡಿನ ಬಣ್ಣವೇ ಬೇರೆ. ದಾರಿ ಏರಿಯ ಮೇಲೇರುತ್ತದೆ. ಎಡಕ್ಕೂ ಬಲಕ್ಕೂ ನೀರು. ನಮ್ಮ ಕಡೆಯ ಕೆರೆ ಏರಿಯ ಮೇಲೆ ಸೈಕಲ್ಲು ಹೊಡೆದವರಿಗೆ ಆ ಸುಖ ಗೊತ್ತು. ಇಲ್ಲಿ ಒಂದು ಏರಿಯಲ್ಲ, ನೀರನ್ನು ಮಡಿಮಡಿಯಾಗಿ ವಿಂಗಡಿಸುವ ಹಲವು ಏರಿಗಳು. ಮಂಜು ಇನ್ನೂ ನೀರಿನ ಮೇಲೆಯೇ ಮಲಗಿತ್ತು. ಅದರೊಳಗಿನಿಂದ ಸಂತೆಯ ದಿನದಂಥ ಗದ್ದಲವೊಂದು ಕೇಳಿಬರುತ್ತಿತ್ತು. ಮಾತನಾಡುವವರು ಮಾತ್ರ ಕಾಣುತ್ತಿರಲಿಲ್ಲ.

ಬಿಸಿಲೇರಿದಂತೆ ಅವರೂ ಕಂಡರು. ನೀರಿನ ನಡುವೆ ನಿಂತ ಜಾಲಿಯ ಮರಗಳ ಮೇಲೆ ಬಣ್ಣದ ಕೊಕ್ಕರೆಗಳ ಸಂಸಾರ. ಒಂದೊಂದು ಮರದಲ್ಲಿ ಹತ್ತಾರು ಗೂಡು. ಒಂದೊಂದು ಗೂಡಿನಲ್ಲಿ ಬಾಯಿ ತೆರೆದು ಗಲಾಟೆ ಮಾಡುವ ಮರಿಗಳು. ತಾಯಿಯೊಂದು ಬಿಸಿಲಿಗೆ ಬೆನ್ನೊಡ್ಡಿ, ರೆಕ್ಕೆಗಳನ್ನು ಕೊಡೆಯಂತೆ ಅರ್ಧ ಬಿಚ್ಚಿ, ಮರಿಗಳಿಗೆ ನೆರಳು ಹಿಡಿದು ನಿಂತಿತ್ತು. ನಮ್ಮ ಮನೆಯವರು ರಿಕ್ಷಾ ನಿಲ್ಲಿಸಿ ಬಹಳ ಹೊತ್ತು ಅದನ್ನೇ ನೋಡಿದರು. ಇವೇ ಕೊಕ್ಕರೆಗಳು ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಊರ ನಡುವಿನ ಹುಣಿಸೆಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಅಲ್ಲಿಯ ಜನ ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ಗೋಡೆಯಿಲ್ಲ. ಇಲ್ಲಿ ಉದ್ಯಾನದ ಸುತ್ತಲೂ ಆಳೆತ್ತರವನ್ನು ಮೀರಿದ ಗೋಡೆಯಿದೆ. ಈ ಅಂತರವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಮಾತು ಬರಲಿದೆ.

ಮುಂದಿನ ಮಡಿಯಲ್ಲಿ ಹೆಬ್ಬಾತುಗಳ ಹಿಂಡೊಂದು ಹುಲ್ಲು ಮೇಯುತ್ತಿತ್ತು. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ಹಾರಿ ದಾಟಿ ಬರುವ ಹಕ್ಕಿಯಿದು. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಪ್ರತಿ ಚಳಿಗಾಲ ಬರುವುದು ಇದೇ ಪಟ್ಟೆತಲೆಯ ಹೆಬ್ಬಾತು. ಆ ಕೆರೆಗೆ 2024ರಲ್ಲಿ ರಾಮ್ಸರ್ ಪಟ್ಟಿಯ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಇದಲ್ಲದೆ ಸೂಜಿಬಾಲದ ಬಾತು, ಚಮಚದಂಥ ಅಗಲ ಕೊಕ್ಕಿನ ಬಾತು, ತಾವರೆಯೆಲೆಯ ಮೇಲೆ ನಡೆಯುವ ದೇವನಕ್ಕಿ, ರೆಕ್ಕೆ ಹರಡಿ ಮೈ ಒಣಗಿಸುವ ಹಾವಕ್ಕಿ, ನೀರುಕಾಗೆ ಇವೆಲ್ಲವನ್ನೂ ಕಂಡೆವು. 350ಕ್ಕೂ ಮಿಕ್ಕ ಜಾತಿಯ ಹಕ್ಕಿಗಳು ಕಾಣಸಿಗುವ ಈ ಉದ್ಯಾನದ ವಿಸ್ತೀರ್ಣ ಕೇವಲ 29 ಚದರ ಕಿಲೋಮೀಟರು. ಕಾರಿನಲ್ಲಿ ಹೋದರೆ ಇದು ಹತ್ತು ನಿಮಿಷದ ದಾರಿ. ನಡೆದರೆ ಬೇಗ ದಣಿವು. ಸೈಕಲ್ಲಾದರೋ ಸದ್ದಿಲ್ಲದೆ ಸಾಗುತ್ತದೆ, ಬೇಕೆಂದಲ್ಲಿ ಕಾಲೂರಿ ನಿಲ್ಲುತ್ತದೆ. ಹಕ್ಕಿಯೂ ಅದಕ್ಕೆ ಅಂಜುವುದಿಲ್ಲ. ಹುಲಿ ಚಿರತೆಗಳು ಬೀಡುಬಿಟ್ಟ ಕಾಡು ಇದಲ್ಲವಾದುದರಿಂದ ಸವಾರನೂ ಅಂಜಬೇಕಾಗಿಲ್ಲ.

ಗುಡಿಯ ಹತ್ತಿರ ಸೈಕಲ್ಲುಗಳನ್ನು ಮರಕ್ಕೆ ಒರಗಿಸಿ ಇಳಿದೆವು. ಕೇವಲಾದೇವನೆಂದರೆ ಶಿವ; ಉದ್ಯಾನಕ್ಕೆ ಹೆಸರು ಬಂದದ್ದು ಈ ಚಿಕ್ಕ ಗುಡಿಯಿಂದ. ಗುಡಿಯ ಸಮೀಪದಲ್ಲಿಯೇ ಕಲ್ಲಿನ ಫಲಕಗಳಿವೆ. ದಾನಶಾಸನಗಳಿರಬಹುದೆಂದು ಹತ್ತಿರ ಹೋಗುವವನಿಗೆ ಅಲ್ಲಿ ಕಾಣುವುದು ಬೇಟೆಯ ಲೆಕ್ಕ. 1902ರಲ್ಲಿ ವೈಸರಾಯ್ ಕರ್ಜನ್ನನಿಗಾಗಿ ನಡೆದ ಬೇಟೆಯಿಂದ ಮೊದಲುಗೊಂಡು, ಯಾವ ದಿನ ಯಾರ ಗೌರವಾರ್ಥ ಎಷ್ಟು ಹಕ್ಕಿ ಬಿದ್ದವೆಂಬುದನ್ನು ಸಾಲುಸಾಲಾಗಿ ಕೆತ್ತಿದ್ದಾರೆ. 1938ರ ನವೆಂಬರಿನಲ್ಲಿ ವೈಸರಾಯ್ ಲಿನ್ಲಿತ್‌ಗೋ ಬಂದಾಗ ಒಂದೇ ದಿನದಲ್ಲಿ ಬಿದ್ದ ಹಕ್ಕಿಗಳ ಸಂಖ್ಯೆ 4,273. ನಮ್ಮೊಡನಿದ್ದ ಗಣಿತದ ಗುರುಗಳು ಆ ಅಂಕಿಯನ್ನು ಎರಡು ಸಲ ಓದಿ ಸುಮ್ಮನಾದರು.

ಈ ನೀರುಗಾಡು ತಾನಾಗಿ ಹುಟ್ಟಿದುದಲ್ಲವೆಂಬುದು ಬಹಳ ಜನರಿಗೆ ತಿಳಿಯದು. ಇದು ಮೊದಲು ಒಂದು ತಗ್ಗಿನ ಪ್ರದೇಶ. ಹದಿನೆಂಟನೆಯ ಶತಮಾನದಲ್ಲಿ ಭರತಪುರದ ಜಾಟ ಅರಸ ಸೂರಜಮಲ್ಲನು ಗಂಭೀರ ಮತ್ತು ಬಾಣಗಂಗಾ ನದಿಗಳು ಕೂಡುವೆಡೆ ಅಜಾನ್ ಎಂಬ ಬಂಧಾರವನ್ನು ಕಟ್ಟಿಸಿದ. ಆ ನೀರು ತಗ್ಗಿನಲ್ಲಿ ನಿಂತು, ಹಕ್ಕಿಗಳು ಬಂದು, ಕಾಡು ಬೆಳೆಯಿತು. ಮುಂದೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಾತುಗಳ ಬೇಟೆಗೆಂದೇ ಏರಿಗಳನ್ನೂ ತೂಬುಗಳನ್ನೂ ನಿರ್ಮಿಸಿದರು. ಅಂದರೆ ನಾವು ಸೈಕಲ್ಲು ತುಳಿದು ಬಂದ ಏರಿ ಬೇಟೆಗಾರರಿಗಾಗಿ ಆದದ್ದು! ಅವರ ಉದ್ದೇಶ ಹೋಯಿತು. ಕಟ್ಟಿದ ಏರಿ ಹಕ್ಕಿಗೆ ಆಸರೆಯಾಗಿ ಉಳಿಯಿತು. ಸ್ವಾತಂತ್ರ್ಯಾನಂತರ ಪಕ್ಷಿತಜ್ಞ ಸಲೀಂ ಅಲಿಯವರೂ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರೂ ಈ ಸ್ಥಳದ ಮಹತ್ವವನ್ನು ಎತ್ತಿ ಹೇಳಿ, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ದಾರಿಯನ್ನು ಅಭ್ಯಸಿಸಿದರು. 1982ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಗುಡಿಯಿಂದ ಮುಂದೆ ದಾರಿ ಕಿರಿದು, ಮಣ್ಣಿನದು. ಸೈಕಲ್ಲು ತುಸು ಕುಣಿಸುತ್ತದೆ. ಹುಲ್ಲು ಎತ್ತರ ಬೆಳೆದ ಒಂದು ಮಡಿಯ ಬಳಿ ಸರ್ದಾರರು ನಮ್ಮನ್ನು ನಿಲ್ಲಿಸಿದರು. “ಇಲ್ಲಿ ಯಾವ ಹಕ್ಕಿ?” ಎಂದು ಕೇಳಿದೆವು. “ಇಲ್ಲಿ ಹಕ್ಕಿಯಿಲ್ಲ, ಅದನ್ನೇ ತೋರಿಸಬೇಕಾಗಿತ್ತು” ಎಂದರು.

ಅವರು ಹೇಳಿದ ಕಥೆ ಭರತಪುರದಲ್ಲಿ ಎಲ್ಲರೂ ಬಲ್ಲದ್ದು. ತಲೆತಲಾಂತರದಿಂದ ಸುತ್ತಣ ಹಳ್ಳಿಗಳ ಎಮ್ಮೆ ದನಗಳು ಈ ಘನಾದಲ್ಲಿ ಮೇಯುತ್ತಿದ್ದವು. ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಬಾರದೆಂಬ ನಿಯಮದಂತೆ 1982ರ ನವೆಂಬರಿನಲ್ಲಿ ಮೇವನ್ನು ನಿಲ್ಲಿಸಿದರು. ಹಳ್ಳಿಗರು ಪ್ರತಿಭಟಿಸಿದರು, ಪೊಲೀಸರು ಗುಂಡು ಹಾರಿಸಿದರು, ಕೆಲವರು ಪ್ರಾಣ ಕಳೆದುಕೊಂಡರು. ಹಕ್ಕಿಗಳ ಒಳಿತಿಗಾಗಿಯೇ ಆದ ನಿಷೇಧವೆಂದು ಎಲ್ಲರೂ ತಿಳಿದಿದ್ದರು. ಆದರೆ ಆದದ್ದು ಬೇರೆ. ಎಮ್ಮೆ ಮೇಯದೆ ಹೋದುದರಿಂದ ನೀರಿನಲ್ಲಿ ಹಬ್ಬುವ ಒಂದು ಜಾತಿಯ ಹುಲ್ಲು ಹೆಣೆದುಕೊಂಡು ಬೆಳೆದು ಮಡಿಗಳನ್ನು ಮುಚ್ಚಿತು. ತೆರೆದ ನೀರು ಕಡಿಮೆಯಾಯಿತು; ಮೀನಿಗೆ ಎಡೆಯಿಲ್ಲ, ಬಾತು ಇಳಿಯಲು ಜಾಗವಿಲ್ಲ. ಅದೇ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1980ರಿಂದ 1990ರವರೆಗೆ ಇಲ್ಲಿ ನಡೆಸಿದ ದೀರ್ಘ ಅಧ್ಯಯನವೂ ಎಮ್ಮೆಗಳು ಈ ನೀರುಗಾಡಿಗೆ ಉಪಕಾರಿಯಾಗಿದ್ದುವೆಂದೇ ತೀರ್ಮಾನಿಸಿತು. “ಎಮ್ಮೆ ಮೇಯ್ದಲ್ಲಿ ಹಕ್ಕಿ ಇಳಿಯುತ್ತದೆಂದು ನಮ್ಮ ಹುಡುಗರಿಗೂ ಗೊತ್ತಿತ್ತು, ಮಾಸ್ಟರ್ ಸಾಹೇಬ್. ನಮ್ಮನ್ನು ಕೇಳಿದವರಾರು?” ಎಂದರು ಸರ್ದಾರರು.

ಆ ಸಂಜೆ ಬಾಗಿಲ ಹೊರಗಿನ ಚಹದಂಗಡಿಯಲ್ಲಿ ಕುಳಿತಿದ್ದಾಗ, ಹಾಲಿನ ಡಬ್ಬಿಗಳನ್ನು ಸೈಕಲ್ಲಿಗೆ ತೂಗುಹಾಕಿಕೊಂಡು ಬಂದ ಒಬ್ಬರೊಡನೆ ಮಾತಿಗೆ ಕುಳಿತೆವು. ಅವರ ತಂದೆಗೆ ಹನ್ನೆರಡು ಎಮ್ಮೆಗಳಿದ್ದುವಂತೆ. ಮೇವು ನಿಂತ ವರ್ಷವೇ ಎಂಟನ್ನು ಮಾರಬೇಕಾಯಿತಂತೆ. “ಅಪ್ಪ ಸಾಯುವತನಕ ಈ ಗೋಡೆಯ ಪಕ್ಕದ ದಾರಿ ಹಿಡಿಯಲಿಲ್ಲ, ಹೊಲ ಸುತ್ತಿಕೊಂಡು ಹೋಗುತ್ತಿದ್ದರು” ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಈಗ ಸುತ್ತಲಿನ ಹಳ್ಳಿಗರಿಗೆ ಹುಲ್ಲು ಕೊಯ್ದುಕೊಂಡು ಹೋಗಲು ಅನುಮತಿ ಕೊಡುತ್ತಾರೆ. ಕಾಡನ್ನು ಆಕ್ರಮಿಸಿದ್ದ ವಿಲಾಯತಿ ಬಬೂಲವನ್ನು, ಅಂದರೆ ನಮ್ಮ ಬಳ್ಳಾರಿ ಜಾಲಿಯನ್ನು, ಬೇರುಸಹಿತ ಕಿತ್ತು ಸೌದೆಗೆ ಒಯ್ಯಲೂ ಹಳ್ಳಿಗರನ್ನು ಸೇರಿಸಿಕೊಂಡರು. ಇದರಿಂದ ಕಾಡಿಗೂ ಲಾಭ, ಒಲೆಗೂ ಲಾಭ. “ಈ ಬುದ್ಧಿ ಮೊದಲೇ ಬಂದಿದ್ದರೆ” ಎಂದು ಅವರು ಅರ್ಧಕ್ಕೆ ನಿಲ್ಲಿಸಿ ಚಹ ಕುಡಿದರು.

ಇನ್ನು ನೀರಿನ ವ್ಯಾಜ್ಯ. ಘನಾಕ್ಕೆ ಜೀವಾಳವಾದ ಗಂಭೀರ ನದಿಗೆ ಮೇಲ್ಗಡೆ ಕರೌಲಿ ಜಿಲ್ಲೆಯಲ್ಲಿ ಪಾಂಚನಾ ಎಂಬ ಅಣೆಕಟ್ಟು ಆಯಿತು. 2004ರ ಸುಮಾರಿಗೆ ಮೇಲಿನ ರೈತರು ನೀರು ಬಿಡಲು ಒಪ್ಪಲಿಲ್ಲ. ಕೆಳಗೆ ಕಾಡು ಒಣಗಿತು, ಕೊಕ್ಕರೆಗಳು ಗೂಡು ಕಟ್ಟದ ವರ್ಷಗಳು ಬಂದವು. ಭೀಮೆಯ ನೀರಿಗಾಗಿ ಬೇಸಗೆಯಲ್ಲಿ ಕಾದು ಕುಳಿತುಕೊಳ್ಳುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೇಲಿನವನ ಬೆಳೆಯೂ ನಿಜ, ಕೆಳಗಿನವನ ಬಾಯಾರಿಕೆಯೂ ನಿಜ. ನಮ್ಮಲ್ಲಿ ಉಜನಿಯ ಅಣೆಕಟ್ಟಿನ ಹಿನ್ನೀರಿಗೆ ಫ್ಲೆಮಿಂಗೊ ಹಕ್ಕಿಗಳು ಬರತೊಡಗಿದವು. ಒಂದೆಡೆ ಅಣೆಕಟ್ಟು ಹಕ್ಕಿಯನ್ನು ಕರೆಯಿತು, ಇನ್ನೊಂದೆಡೆ ಓಡಿಸಿತು. ಈಗ ಗೋವರ್ಧನದ ಕಡೆಯ ಕಾಲುವೆಯಿಂದ ಕೊಳವೆಯಲ್ಲಿ ಮಳೆಗಾಲದ ನೀರನ್ನೂ, ಚಂಬಲ್ ನದಿಯ ನೀರನ್ನೂ ತಂದು ಘನಾವನ್ನು ಉಳಿಸಿಕೊಂಡಿದ್ದಾರೆ. ನಾವು ಕಂಡ ಮಡಿಗಳಲ್ಲಿ ನೀರು ತುಂಬಿತ್ತು. ಆದರೆ ಅದು ಬೇಡಿ ತಂದ ನೀರು.

ಒಂದು ಹಕ್ಕಿ ಮಾತ್ರ ಮರಳಿ ಬಂದಿಲ್ಲ. ಸೈಬೀರಿಯದಿಂದ ಐದು ಸಾವಿರ ಕಿಲೋಮೀಟರು ಹಾರಿ, ಅಫಘಾನಿಸ್ಥಾನ, ಪಾಕಿಸ್ತಾನಗಳನ್ನು ದಾಟಿ ಬರುತ್ತಿದ್ದ ಹಿಮದಷ್ಟು ಬಿಳಿಯ ಕ್ರೌಂಚವದು. 1960ರ ದಶಕದಲ್ಲಿ ಸುಮಾರು ಇನ್ನೂರು ಹಕ್ಕಿಗಳು ಇಲ್ಲಿಗೆ ಬರುತ್ತಿದ್ದವು. ವರ್ಷ ವರ್ಷಕ್ಕೆ ಕಡಿಮೆಯಾಗಿ, 2001–02ರ ಚಳಿಗಾಲದಲ್ಲಿ ಒಂದೇ ಜೋಡಿ ಬಂದಿತು. ಆಮೇಲೆ ಆ ಜೋಡಿಯೂ ಇಲ್ಲ. ದಾರಿಯುದ್ದಕ್ಕೂ ನಡೆದ ಬೇಟೆ ಅದಕ್ಕೆ ದೊಡ್ಡ ಕಾರಣವೆನ್ನುತ್ತಾರೆ. ಸರ್ದಾರರು ಯುವಕರಾಗಿದ್ದಾಗ ಕಂಡಿದ್ದರು. ಅವು ಇಳಿಯುತ್ತಿದ್ದ ಮಡಿಯನ್ನು ಕೈತೋರಿಸಿದರೇ ಹೊರತು ಮಾತನಾಡಲಿಲ್ಲ. ನಾವೂ ಏನೂ ಕೇಳದೆ ಸೈಕಲ್ಲು ಹತ್ತಿದೆವು.

ಇದನ್ನೆಲ್ಲ ಬರೆಯಲು ಕಾರಣ ನಮ್ಮ ಸೀಮೆಯಲ್ಲಿಯೇ ಇದೆ. ಸೊಲ್ಲಾಪುರಕ್ಕೆ ಸಮೀಪದ ನಾನ್ನಜದಲ್ಲಿ, ನಮ್ಮ ಹಿರಿಯರು ಎರೆಭೂತವೆಂದೂ ಮರಾಠಿಗರು ಮಾಳಢೋಕವೆಂದೂ ಕರೆಯುವ ದೊಡ್ಡ ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯವಾಯಿತು. ಸೊಲ್ಲಾಪುರ ಮತ್ತು ಈಗ ಅಹಿಲ್ಯಾನಗರವೆಂದು ಹೆಸರಾದ ಅಹಮದನಗರ ಜಿಲ್ಲೆಗಳಲ್ಲಿ 8,496 ಚದರ ಕಿಲೋಮೀಟರನ್ನು ಮೊದಲು ಅದರೊಳಗೆ ಸೇರಿಸಿದ್ದರು. ಊರುಗಳೂ ಹೊಲಗಳೂ ಒಳಗೇ ಬಂದವು. ರೈತರಿಗೆ ತೊಡಕಾಯಿತು; ಮುಂದೆ ಆ ಎಲ್ಲೆಯನ್ನು ಬಹಳವಾಗಿ ಕುಗ್ಗಿಸಬೇಕಾಯಿತು. ಅಷ್ಟಾಗಿಯೂ ಹಕ್ಕಿ ಉಳಿಯಿತೆ? ಇಂದು ನಮ್ಮ ಶಾಲೆಯ ಮಕ್ಕಳಿಗೆ ಅದನ್ನು ಚಿತ್ರದಲ್ಲಿ ತೋರಿಸಬೇಕಾಗಿದೆ. ಆ ಹಕ್ಕಿಗೆ ಬೇಕಾದದ್ದು ದಟ್ಟ ಮರಗಳಲ್ಲ, ಬಯಲು ಹುಲ್ಲುಗಾವಲು. ಅದು ಎಲ್ಲಿ ಮೊಟ್ಟೆಯಿಡುತ್ತದೆ, ಯಾವ ತಿಂಗಳು ಕುರಿಯನ್ನು ಯಾವ ಮಾಳಕ್ಕೆ ಬಿಡಬಾರದು ಎಂಬುದನ್ನು ಬಲ್ಲವರು ನಮ್ಮ ಕುರುಬರು. ಅವರ ಅರಿವನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಶಾಲೆಗಳಿಂದಾದರೂ ಆಗಬಹುದಲ್ಲವೆ? ಏಳನೆಯ ಇಯತ್ತೆಯ ಮಕ್ಕಳಿಗೆ ಒಂದೊಂದು ನೋಟುಪುಸ್ತಕ ಕೊಟ್ಟು, ಅಜ್ಜಂದಿರಿಂದ ಹಕ್ಕಿಗಳ ಹೆಸರು, ಬರುವ ಕಾಲ, ಗೂಡಿನ ಜಾಗ ಇವನ್ನು ಕೇಳಿ ಬರೆಯಲು ಈ ವರ್ಷ ಹೇಳಿದ್ದೇವೆ. ಕನ್ನಡದ ಹೆಸರುಗಳೂ ಅದರೊಂದಿಗೆ ಉಳಿದಾವು.

ಭರತಪುರಕ್ಕೆ ಹೋಗಬಯಸುವ ಕುಟುಂಬಗಳಿಗೆ ಕೆಲವು ಸೂಚನೆಗಳು. ಗೂಡುಗಳನ್ನು ನೋಡಬೇಕೆಂದರೆ ಮಳೆಗಾಲದ ಕೊನೆ ಒಳ್ಳೆಯದು. ದೂರದೇಶದ ಹಕ್ಕಿಗಳಿಗಾಗಿ ನವೆಂಬರಿನಿಂದ ಫೆಬ್ರುವರಿಯವರೆಗೆ ಹೋಗಬೇಕು. ಚಳಿಗಾಲದ ಬೆಳಗು ಬಲು ತಣ್ಣಗಿರುತ್ತದೆ. ಕಿವಿ ಮುಚ್ಚುವ ಟೋಪಿ, ಶಾಲು ಇರಲಿ. ಬಿಸಿಲಿಗೆ ಮೈಯೊಡ್ಡಲು ಹೆಬ್ಬಾವುಗಳು ಬಿಲದಿಂದ ಹೊರಬರುವುದುಂಟು. ಮಕ್ಕಳು ದಾರಿ ಬಿಟ್ಟು ಇಳಿಯದಂತೆ ನೋಡಿಕೊಳ್ಳಬೇಕು. ಕುಡಿಯುವ ನೀರು, ಬುತ್ತಿ ಜೊತೆಗಿರಲಿ. ಕಾಗದ, ಪ್ಲಾಸ್ಟಿಕ್ ಮರಳಿ ಚೀಲಕ್ಕೇ ಬರಲಿ. ಸೈಕಲ್ಲು ತುಳಿಯಲಾರದ ಹಿರಿಯರಿಗೆ ರಿಕ್ಷಾವೇ ಲೇಸು. ರಿಕ್ಷಾದವರು ಹೇಳುವುದನ್ನು ಅವಸರ ಮಾಡದೆ ಕೇಳಬೇಕು, ಏಕೆಂದರೆ ಫಲಕಗಳಲ್ಲಿ ಬರೆಯದ ಸಂಗತಿಗಳು ಅವರ ಬಾಯಲ್ಲಿವೆ. ಗೋಡೆ ಹಕ್ಕಿಯನ್ನು ಒಂದು ಬೇಸಗೆ ಕಾಯಬಹುದು. ನೂರು ಬೇಸಗೆ ಕಾಯುವವರು ಗೋಡೆಯ ಹೊರಗಿನ ಜನರೇ. ಅವರನ್ನು ಒಳಗಿನವರೆಂದು ತಿಳಿದ ಕಡೆ ಕಾಡೂ ಉಳಿದೀತು.